ಯಂತ್ರವಿದ್ಯೆಯ ಆಚಾರ್ಯ ಔರೆಲ್ ಸ್ಟೊಡೊಲ

ಲೋಕಕ್ಕೆ ಉಪಕಾರ ಮಾಡಿದ ಮಹನೀಯರೆಲ್ಲರ ಹೆಸರು ಜನರ ನಾಲಗೆಯ ಮೇಲೆ ಉಳಿಯುವುದಿಲ್ಲ. ಯುದ್ಧ ಗೆದ್ದವರ ಹೆಸರು ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ವಿದ್ಯುದಾಗಾರದ ಟರ್ಬೈನು, ಗೊಬ್ಬರದ ಕಾರ್ಖಾನೆಯಲ್ಲಿ ಅನಿಲವನ್ನು ಒತ್ತುವ ಕಂಪ್ರೆಸರು, ಆಕಾಶದಲ್ಲಿ ಹಾರುವ ವಿಮಾನದ ಎಂಜಿನು ಇವುಗಳ ಹಿಂದೆ ಕುಳಿತು, ಯಾವ ಯಂತ್ರ ಎಷ್ಟು ಶಕ್ತಿಯನ್ನು ನುಂಗುತ್ತದೆ, ಎಷ್ಟನ್ನು ಮರಳಿ ಕೊಡುತ್ತದೆ ಎಂಬ ಲೆಕ್ಕವನ್ನು ಜಗತ್ತಿಗೆ ಕಲಿಸಿದ ಗುರುವಿನ ಹೆಸರನ್ನು ಬಲ್ಲವರು ವಿರಳ. ಅಂತಹ ಒಬ್ಬ ಗುರು ಸ್ವಿಟ್ಜರ್ಲೆಂಡಿನ ಜೂರಿಕ್ ನಗರದಲ್ಲಿ ಮೂವತ್ತೇಳು ವರ್ಷಗಳ ಕಾಲ ಪಾಠ ಹೇಳಿದ ಪ್ರೊಫೆಸರ್ ಔರೆಲ್ ಸ್ಟೊಡೊಲ ಅವರು. ವಿದ್ಯಾದಾನವನ್ನೇ ವ್ರತವಾಗಿ ಸ್ವೀಕರಿಸಿದ ಸಂಸ್ಥೆಯೊಂದರ ಸ್ಮರಣ ಸಂಚಿಕೆಯಲ್ಲಿ ಅವರ ಜೀವನವನ್ನು ನೆನೆಯುವುದು ಉಚಿತವೆಂದು ಭಾವಿಸಿ ಈ ಲೇಖನವನ್ನು ವಾಚಕರ ಮುಂದಿಡುತ್ತಿದ್ದೇನೆ.

ಜನನ ಮತ್ತು ವಿದ್ಯಾಭ್ಯಾಸ

ಸ್ಟೊಡೊಲ ಅವರು ಕ್ರಿ.ಶ. 1859ರ ಮೇ 11ರಂದು ಲಿಪ್ಟೊವ್ಸ್ಕಿ ಮಿಕುಲಾಶ್ ಪಟ್ಟಣದ ಮಗ್ಗುಲಿನ ವರ್ಬಿತ್ಸ ಎಂಬ ಊರಿನಲ್ಲಿ ಜನಿಸಿದರು. ಇಂದು ಸ್ಲೊವಾಕಿಯಾ ದೇಶಕ್ಕೆ ಸೇರಿರುವ ಈ ಪ್ರದೇಶ ಆಗ ಹಂಗೇರಿಯ ರಾಜ್ಯದ ಆಡಳಿತದಲ್ಲಿತ್ತು. ಅವರ ತಂದೆಯವರದು ಚರ್ಮ ಹದ ಮಾಡುವ ಉದ್ಯೋಗ. ಕೈದುಡಿಮೆಯ ಮನೆತನದಲ್ಲಿ ಹುಟ್ಟಿದ ಬಾಲಕನಿಗೆ ದುಡಿಮೆಯ ಬಗೆಗೆ ಗೌರವ ಸಹಜವಾಗಿಯೇ ಬಂದಿತು. ತಮ್ಮ ಜನ ಆಡುವ ಸ್ಲೊವಾಕ್ ನುಡಿಗೆ ಆಳುವವರ ಆಸ್ಥಾನದಲ್ಲಿ ಮನ್ನಣೆ ಇಲ್ಲದ ಕಾಲವದು. ಅವರ ಸಹೋದರರಾದ ಎಮಿಲ್ ಮತ್ತು ಕೊರ್ನೆಲ್ ಇಬ್ಬರೂ ಮುಂದೆ ಆ ಜನರ ಹಕ್ಕಿಗಾಗಿ ಸಾರ್ವಜನಿಕ ಕ್ಷೇತ್ರದಲ್ಲಿ ದುಡಿದರು. ಔರೆಲ್ ಅವರು ಆಯ್ದುಕೊಂಡದ್ದು ಬೇರೊಂದು ದಾರಿಯನ್ನು. ಆದರೆ ಜೀವನದ ಬಹುಭಾಗವನ್ನು ಪರದೇಶದಲ್ಲಿ ಕಳೆದರೂ ಅವರು ತಾಯ್ನುಡಿಯನ್ನೂ ತವರಿನ ಜನರನ್ನೂ ಎಂದೂ ಮರೆಯಲಿಲ್ಲ.

ಒಂದು ವರ್ಷ ಬುಡಾಪೆಸ್ಟಿನ ತಾಂತ್ರಿಕ ವಿದ್ಯಾಲಯದಲ್ಲಿ ಓದಿದ ತರುಣ ಸ್ಟೊಡೊಲ ಹೆಚ್ಚಿನ ವ್ಯಾಸಂಗಕ್ಕಾಗಿ ಜೂರಿಕ್ ನಗರಕ್ಕೆ ತೆರಳಿ, ಅಲ್ಲಿನ ಪಾಲಿಟೆಕ್ನಿಕ್‌ನಲ್ಲಿ ಯಂತ್ರಶಿಲ್ಪದ ಪದವಿ ಪಡೆದರು. ಬಳಿಕ ಬುಡಾಪೆಸ್ಟಿಗೆ ಮರಳಿ ಹಂಗೇರಿಯ ಸರಕಾರಿ ರೈಲ್ವೆಯ ಯಂತ್ರ ಕಾರ್ಖಾನೆಯಲ್ಲಿ ಕೆಲಸ ಮಾಡಿದರು. ಕೆಲಕಾಲ ತಂದೆಯ ಉದ್ಯೋಗದಲ್ಲೂ ಕೈಗೂಡಿಸಿದರು. ಕಲಿಯುವ ಹಸಿವು ಅಷ್ಟಕ್ಕೇ ತಣಿಯದೆ ಬರ್ಲಿನ್ ಮತ್ತು ಪ್ಯಾರಿಸ್ ನಗರಗಳಿಗೆ ಹೋಗಿ ವ್ಯಾಸಂಗ ಮುಂದುವರಿಸಿದರು. 1886ರಿಂದ ಪ್ರಾಗ್ ನಗರದ ರಸ್ಟನ್ ಕಂಪನಿಯಲ್ಲಿ ಎಂಜಿನಿಯರಾಗಿ ಆವಿಯಂತ್ರಗಳನ್ನು ರೂಪಿಸಿದರು. ಹೀಗೆ ಒಂದು ಕೈಯಲ್ಲಿ ಗಣಿತ, ಇನ್ನೊಂದು ಕೈಯಲ್ಲಿ ಎಣ್ಣೆ ಮಸಿ, ಎರಡನ್ನೂ ಬಲ್ಲವರಾಗಿ ಅವರು ಬೆಳೆದರು. ಕೇವಲ ಪುಸ್ತಕದಿಂದ ಬಂದ ಪಂಡಿತರಿಗೂ ಕೇವಲ ಕಾರ್ಖಾನೆಯಲ್ಲಿ ನುರಿತ ಕುಶಲಿಗಳಿಗೂ ಕಾಣದಿದ್ದ ಹಲವು ಸಂಗತಿಗಳು ಅವರಿಗೆ ಕಂಡದ್ದು ಇದೇ ಕಾರಣದಿಂದ.

1892ರಲ್ಲಿ, ತಮ್ಮ 33ನೆಯ ವಯಸ್ಸಿನಲ್ಲಿ, ಅವರು ತಾವು ಓದಿದ ಜೂರಿಕ್ ಪಾಲಿಟೆಕ್ನಿಕ್‌ಗೇ ಪ್ರಾಧ್ಯಾಪಕರಾಗಿ ಬಂದರು. ಶಿಷ್ಯನಾಗಿ ಹೊಕ್ಕ ಬಾಗಿಲಿನಿಂದಲೇ ಗುರುವಾಗಿ ಒಳಗೆ ಬರುವ ಭಾಗ್ಯ ಎಲ್ಲರಿಗೂ ದೊರೆಯುವುದಿಲ್ಲ. 1929ರಲ್ಲಿ ನಿವೃತ್ತರಾಗುವವರೆಗೆ ಅವರು ಆ ಪೀಠವನ್ನು ಬಿಟ್ಟು ಕದಲಲಿಲ್ಲ.

ಗಣಿತಜ್ಞನ ಬಾಗಿಲಿಗೆ ಹೋದ ಎಂಜಿನಿಯರು

ಪ್ರಾಧ್ಯಾಪಕರಾದ ಆರಂಭದಲ್ಲಿಯೇ ಅವರ ಗಮನವನ್ನು ಸೆಳೆದದ್ದು ನೀರಿನ ಟರ್ಬೈನುಗಳ ವೇಗವನ್ನು ಹತೋಟಿಯಲ್ಲಿಡುವ ಸಮಸ್ಯೆ. ಟರ್ಬೈನಿನ ಮೇಲಿನ ಭಾರ ಹೆಚ್ಚು ಕಡಿಮೆಯಾದಾಗ ನಿಯಂತ್ರಕವು ನೀರಿನ ಬಾಗಿಲನ್ನು ತೆರೆದು ಮುಚ್ಚಿ ವೇಗವನ್ನು ಸರಿಪಡಿಸಬೇಕು. ಆದರೆ ಕೆಲವೊಮ್ಮೆ ಅದು ಸರಿಪಡಿಸುವುದರ ಬದಲು ಓಲಾಟವನ್ನು ಹೆಚ್ಚಿಸುತ್ತಾ ಹೋಗುತ್ತಿತ್ತು. ಯಾವ ಸಂದರ್ಭದಲ್ಲಿ ಯಂತ್ರ ಸ್ಥಿರವಾಗಿ ನಿಲ್ಲುತ್ತದೆ, ಯಾವಾಗ ಹುಯ್ದಾಡುತ್ತದೆ ಎಂಬುದನ್ನು ಮುಂಚಿತವಾಗಿ ಹೇಳುವುದು ಹೇಗೆ? ಸ್ಟೊಡೊಲ ಅವರು ಎಲ್ಲ ಭಾಗಗಳ ಚಲನೆಯನ್ನೂ ಸೇರಿಸಿ ಸಮೀಕರಣ ಬರೆದಾಗ ಅದು ಏಳನೆಯ ಘಾತದ್ದಾಯಿತು. ಅದನ್ನು ಬಿಡಿಸುವ ಬಗೆ ಅವರಿಗೆ ತಿಳಿಯದು.

ತಿಳಿಯದುದನ್ನು ತಿಳಿಯದೆಂದು ಒಪ್ಪಿಕೊಳ್ಳಲು ಅವರು ಹಿಂಜರಿಯಲಿಲ್ಲ. ಅದೇ ವಿದ್ಯಾಲಯದಲ್ಲಿದ್ದ ಗಣಿತಜ್ಞ ಅಡೋಲ್ಫ್ ಹುರ್ವಿಟ್ಸ್ ಅವರ ಬಳಿಗೆ ಹೋಗಿ ಪ್ರಶ್ನೆಯನ್ನು ಮುಂದಿಟ್ಟರು. ಸಮೀಕರಣವನ್ನು ಬಿಡಿಸದೆಯೇ, ಅದರ ಗುಣಕಗಳನ್ನು ಮಾತ್ರ ನೋಡಿ ಸ್ಥಿರತೆಯನ್ನು ನಿರ್ಧರಿಸುವ ಸೂತ್ರವನ್ನು ಹುರ್ವಿಟ್ಸ್ 1895ರಲ್ಲಿ ಪ್ರಕಟಿಸಿದರು. ಅದರ ಫಲವನ್ನು ಡಾವೋಸ್ ಪಟ್ಟಣದ ಟರ್ಬೈನು ಸ್ಥಾವರದಲ್ಲಿ ಬಳಸಿ ಯಶಸ್ಸು ಪಡೆದದ್ದನ್ನು ಆ ಲೇಖನವೇ ದಾಖಲಿಸಿದೆ. ಇಂದು ಎಂಜಿನಿಯರಿಂಗ್ ವಿದ್ಯಾರ್ಥಿಗಳೆಲ್ಲ ಕಲಿಯುವ ಈ ನಿಯಮಕ್ಕೆ ಹುರ್ವಿಟ್ಸ್ ಅವರ ಹೆಸರಿದೆ, ಸ್ಟೊಡೊಲ ಅವರ ಹೆಸರಿಲ್ಲ. ಆದರೆ ಸರಿಯಾದ ಪ್ರಶ್ನೆಯನ್ನು ಸರಿಯಾದವರ ಬಳಿಗೆ ಒಯ್ದವರು ಅವರೇ.

ಆವಿ ಟರ್ಬೈನಿನ ಮಹಾಗ್ರಂಥ

ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ, ಹಿಂದಕ್ಕೂ ಮುಂದಕ್ಕೂ ಚಲಿಸುವ ಕೊಂತದ ಆವಿಯಂತ್ರದ ಸ್ಥಾನದಲ್ಲಿ ಒಂದೇ ಸಮನೆ ತಿರುಗುವ ಆವಿ ಟರ್ಬೈನು ಬರತೊಡಗಿತ್ತು. ಸ್ವೀಡನ್ನಿನ ಡಿ ಲಾವಾಲ್, ಇಂಗ್ಲೆಂಡಿನ ಪಾರ್ಸನ್ಸ್ ಮೊದಲಾದವರು ಯಂತ್ರಗಳನ್ನು ಕಟ್ಟಿ ಓಡಿಸಿದ್ದರು. ಆದರೆ ಅವುಗಳೊಳಗೆ ಆವಿಯು ಹೇಗೆ ಹರಿಯುತ್ತದೆ, ಶಕ್ತಿ ಎಲ್ಲಿ ಸೋರಿಹೋಗುತ್ತದೆ ಎಂಬುದನ್ನು ಒಂದೆಡೆ ಕ್ರಮವಾಗಿ ಹೇಳಿದವರಿರಲಿಲ್ಲ. 1902ರಲ್ಲಿ ಜರ್ಮನ್ ಎಂಜಿನಿಯರುಗಳ ಸಂಘವು ಡ್ಯುಸೆಲ್ಡಾರ್ಫ್ ನಗರದಲ್ಲಿ ನೆರೆದಾಗ ಸ್ಟೊಡೊಲ ಅವರು ಈ ವಿಷಯ ಕುರಿತು ಉಪನ್ಯಾಸ ಮಾಡಿದರು. ಅದೇ ಬೆಳೆದು 1903ರಲ್ಲಿ ಆವಿ ಟರ್ಬೈನುಗಳನ್ನು ಕುರಿತ ಗ್ರಂಥವಾಯಿತು.

ಆ ಗ್ರಂಥದ ಒಂದು ಪ್ರಯೋಗವನ್ನು ಇಲ್ಲಿ ವಿವರಿಸಬೇಕು. ಡಿ ಲಾವಾಲ್ ಅವರ ಕೊಳವೆಯು ಮೊದಲು ಕಿರಿದಾಗಿ, ಬಳಿಕ ಅಗಲವಾಗುತ್ತದೆ. ಅದರಲ್ಲಿ ಆವಿಯು ಶಬ್ದದ ವೇಗವನ್ನು ಮೀರಿ ಧಾವಿಸುತ್ತದೆಯೇ ಇಲ್ಲವೇ ಎಂಬ ಬಗೆಗೆ ಆಗ ವಿದ್ವಾಂಸರಲ್ಲಿ ಒಮ್ಮತವಿರಲಿಲ್ಲ. ಸ್ಟೊಡೊಲ ಅವರು ಮಗ್ಗುಲಿನಲ್ಲಿ ಸಣ್ಣ ರಂಧ್ರವಿದ್ದ ತೆಳುವಾದ ನಳಿಗೆಯೊಂದನ್ನು ಕೊಳವೆಯ ನಟ್ಟನಡುವೆ ಇಟ್ಟು, ಅದನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತಾ ಪ್ರತಿಯೊಂದು ಸ್ಥಾನದಲ್ಲಿಯೂ ಒತ್ತಡವನ್ನು ಅಳೆದರು. ಆವಿಯು ಶಬ್ದವನ್ನು ಮೀರಿ ಓಡುವುದು ನಿಶ್ಚಯವಾಯಿತು. ಕೊಳವೆಯ ಹೊರಗಿನ ಒತ್ತಡವನ್ನು ಏರಿಸಿದಾಗ ಒಳಗೆ ಒಂದೆಡೆ ಒತ್ತಡ ಥಟ್ಟನೆ ಮೇಲಕ್ಕೆ ನೆಗೆಯುವುದೂ ಕಂಡಿತು. ಗಣಿತಜ್ಞ ರೀಮಾನ್ ಹಿಂದೆ ಕಾಗದದ ಮೇಲೆ ಊಹಿಸಿದ್ದ ಆಘಾತ ತರಂಗವನ್ನು ಒಬ್ಬ ಎಂಜಿನಿಯರು ಲೋಹದ ಕೊಳವೆಯಲ್ಲಿ ಅಳೆದು ತೋರಿಸಿದಂತಾಯಿತು. ಶಬ್ದಾತೀತ ವೇಗದ ವಿಮಾನಗಳು ಹುಟ್ಟುವುದಕ್ಕೆ ಎಷ್ಟೋ ದಶಕಗಳ ಮುಂಚೆಯೇ ಆ ವಿದ್ಯೆಯ ಒಂದು ಬುನಾದಿಕಲ್ಲು ಹೀಗೆ ಬಿದ್ದಿತು.

ಗ್ರಂಥವು ಮತ್ತೆ ಮತ್ತೆ ಪರಿಷ್ಕಾರಗೊಂಡು, ಪ್ರತಿ ಮುದ್ರಣದಲ್ಲಿಯೂ ಹಿಗ್ಗುತ್ತಾ ಬಂದಿತು. 1905ರಲ್ಲಿ ಇಂಗ್ಲಿಷಿಗೆ ಅನುವಾದವಾಯಿತು. 1920ರ ದಶಕದಲ್ಲಿ ಅದರ ಹೆಸರಿಗೆ ಅನಿಲ ಟರ್ಬೈನುಗಳೂ ಸೇರಿ, ಗಾತ್ರ ಸಾವಿರ ಪುಟಗಳನ್ನು ಮೀರಿತು. 1927ರ ಇಂಗ್ಲಿಷ್ ಆವೃತ್ತಿಯು ಎರಡು ಸಂಪುಟಗಳಲ್ಲಿ ಬಂದಿತು. ಲೋಕದ ಯಾವ ಮೂಲೆಯಲ್ಲಿ ಟರ್ಬೈನು ಕಟ್ಟುವವರಿದ್ದರೂ ಅವರ ಮೇಜಿನ ಮೇಲೆ ಈ ಹೊತ್ತಗೆ ಇರುತ್ತಿತ್ತೆಂದರೆ ಅತಿಶಯೋಕ್ತಿಯಲ್ಲ.

ಗಾಳಿಯನ್ನು ಒತ್ತುವ ಲೆಕ್ಕ

ಆವಿ ಟರ್ಬೈನಿನಲ್ಲಿ ನೀರನ್ನು ಕುದಿಸಬೇಕು, ಆವಿಯನ್ನು ಮರಳಿ ನೀರಾಗಿಸಬೇಕು. ಇವಾವುದರ ಗೊಡವೆಯಿಲ್ಲದೆ, ಗಾಳಿಯನ್ನು ಒತ್ತಿ, ಅದರಲ್ಲಿ ಇಂಧನವನ್ನು ಉರಿಸಿ, ಆ ಬಿಸಿ ಅನಿಲದಿಂದಲೇ ಚಕ್ರವನ್ನು ತಿರುಗಿಸಬಾರದೇಕೆ? ಇದು ಅನಿಲ ಟರ್ಬೈನಿನ ಕನಸು. ನಾರ್ವೆಯ ಎಲ್ಲಿಂಗ್ ಎಂಬವರು 1903ರಲ್ಲಿ ಇಂತಹ ಯಂತ್ರವೊಂದರಿಂದ 11 ಅಶ್ವಶಕ್ತಿಯನ್ನು ಪಡೆದರು. ಅದೇ ದಶಕದಲ್ಲಿ ಪ್ಯಾರಿಸ್ ನಗರದಲ್ಲಿ ಆರ್ಮಾಂಗೊ ಮತ್ತು ಲೆಮಾಲ್ ಎಂಬವರು ದೊಡ್ಡದೊಂದನ್ನು ಕಟ್ಟಿದರು. ಅದಕ್ಕೆ ಗಾಳಿ ಒದಗಿಸಲು ಫ್ರಾನ್ಸಿನ ಎಂಜಿನಿಯರು ಆಗಸ್ಟ್ ರಾತೊ ಅವರ ವಿನ್ಯಾಸದಂತೆ ಬ್ರೌನ್ ಬೊವೆರಿ ಕಂಪನಿಯು 25 ಹಂತಗಳ ಕೇಂದ್ರಾಪಗಾಮಿ ಕಂಪ್ರೆಸರನ್ನು ಮಾಡಿಕೊಟ್ಟಿತು. ಯಂತ್ರ ಓಡಿತು. ಆದರೆ ಇಂಧನದ ಶಕ್ತಿಯಲ್ಲಿ ಶೇಕಡಾ 3ರಷ್ಟು ಮಾತ್ರ ಉಪಯೋಗಕ್ಕೆ ದೊರೆಯಿತು. ಟರ್ಬೈನು ದುಡಿದುದನ್ನೆಲ್ಲ ಕಂಪ್ರೆಸರೇ ತಿಂದುಹಾಕಿತ್ತು.

ಹೀಗೇಕಾಯಿತು ಎಂಬುದನ್ನು ತಿಳಿಯಲು ಕೇಂದ್ರಾಪಗಾಮಿ ಕಂಪ್ರೆಸರಿನ ಲೆಕ್ಕವನ್ನು ವಾಚಕರು ಸ್ವಲ್ಪ ಗಮನಿಸಬೇಕು. ಇದರಲ್ಲಿ ಅಲಗುಗಳಿರುವ ಚಕ್ರವೊಂದು ಅತಿವೇಗದಿಂದ ತಿರುಗುತ್ತದೆ. ನಡುವಿನಿಂದ ಒಳಹೊಕ್ಕ ಗಾಳಿಯು ಅಲಗುಗಳ ನಡುವೆ ಹೊರಮುಖವಾಗಿ ಎಸೆಯಲ್ಪಟ್ಟು ವೇಗ ಪಡೆಯುತ್ತದೆ. ಬಳಿಕ ಹೊರಗಿನ ಅಗಲವಾದ ಮಾರ್ಗದಲ್ಲಿ ನಿಧಾನವಾಗಿ, ತನ್ನ ವೇಗವನ್ನು ಒತ್ತಡವಾಗಿ ಪರಿವರ್ತಿಸಿಕೊಳ್ಳುತ್ತದೆ. ಒತ್ತಿದ ಗಾಳಿ ಬಿಸಿಯಾಗುವುದನ್ನು ಸೈಕಲ್ಲಿಗೆ ಪಂಪು ಹೊಡೆದವರೆಲ್ಲರೂ ಬಲ್ಲರು. ಆ ಬಿಸಿಯೇ ಎಂಜಿನಿಯರನಿಗೆ ಸಾಕ್ಷಿ. 20 ಡಿಗ್ರಿ ಸೆಲ್ಸಿಯಸ್ ತಾಪದ ಗಾಳಿಯನ್ನು ನಾಲ್ಕು ಪಟ್ಟು ಒತ್ತಡಕ್ಕೆ ಏರಿಸಬೇಕೆಂದು ಭಾವಿಸೋಣ. ಯಾವ ನಷ್ಟವೂ ಇಲ್ಲದ ಆದರ್ಶ ಯಂತ್ರದಲ್ಲಿ ಗಾಳಿಯ ತಾಪ ಸುಮಾರು 142 ಡಿಗ್ರಿ ಏರಿ 162 ಆಗುತ್ತದೆ. ಯಂತ್ರವನ್ನು ಓಡಿಸಿ ಉಷ್ಣಮಾಪಕವನ್ನಿಟ್ಟು ನೋಡಿದಾಗ ಗಾಳಿಯು ಸುಮಾರು 203 ಡಿಗ್ರಿಯಲ್ಲಿ ಹೊರಬಂದರೆ, ತಾಪ 183 ಡಿಗ್ರಿ ಏರಿದೆ ಎಂದಾಯಿತು. ಹೆಚ್ಚುವರಿ 41 ಡಿಗ್ರಿಯು ಘರ್ಷಣೆಯಿಂದಲೂ ಸುಳಿಗಳಿಂದಲೂ ವ್ಯರ್ಥವಾದ ಶ್ರಮದ ಗುರುತು. 142ನ್ನು 183ರಿಂದ ಭಾಗಿಸಿದರೆ ದಕ್ಷತೆ ಶೇಕಡಾ 78 ಎಂದು ಸಿಗುತ್ತದೆ. ಯಂತ್ರದ ಹೊಟ್ಟೆಯನ್ನು ಬಗೆದು ನೋಡದೆಯೇ, ಒಳಬರುವ ಹೊರಹೋಗುವ ಗಾಳಿಯ ಒತ್ತಡ ಮತ್ತು ತಾಪಗಳನ್ನು ಮಾತ್ರ ಅಳೆದು ಅದರ ಯೋಗ್ಯತೆಯನ್ನು ಹೇಳುವ ಈ ಕ್ರಮವೇ ಉಷ್ಣಗತಿವಿಜ್ಞಾನದ ವಿಧಾನ.

ಹಲವು ಹಂತಗಳ ಯಂತ್ರದಲ್ಲಿ ಇನ್ನೊಂದು ತೊಡಕಿದೆ. ಮೊದಲನೆಯ ಚಕ್ರದಲ್ಲಿ ನಷ್ಟವಾದ ಶ್ರಮವು ಶಾಖವಾಗಿ ಗಾಳಿಯಲ್ಲಿಯೇ ಉಳಿಯುತ್ತದೆ. ಬಿಸಿಯಾದ ಗಾಳಿಯನ್ನು ಒತ್ತಲು ಎರಡನೆಯ ಚಕ್ರಕ್ಕೆ ಹೆಚ್ಚು ಶ್ರಮ ಬೇಕು. ತಂದೆಯ ಸಾಲಕ್ಕೆ ಮಗ ಬಡ್ಡಿ ತೆರುವಂತೆ, ಹಿಂದಿನ ಹಂತದ ತಪ್ಪಿಗೆ ಮುಂದಿನ ಹಂತವೆಲ್ಲ ದಂಡ ತೆರುತ್ತದೆ. ಆದುದರಿಂದ ಪ್ರತಿಯೊಂದು ಚಕ್ರವೂ ಚೆನ್ನಾಗಿಯೇ ಇದ್ದರೂ ಇಡೀ ಯಂತ್ರದ ದಕ್ಷತೆ ಅದಕ್ಕಿಂತ ಕಡಿಮೆಯಾಗಿ ತೋರುತ್ತದೆ. ಟರ್ಬೈನಿನಲ್ಲಿ ಇದರ ವಿರುದ್ಧ: ಮೇಲಿನ ಹಂತದ ನಷ್ಟದ ಶಾಖದಲ್ಲಿ ಒಂದಂಶವನ್ನು ಕೆಳಗಿನ ಹಂತ ಮರಳಿ ಗಳಿಸಿಕೊಳ್ಳುತ್ತದೆ. ಈ ಭೇದವನ್ನು ತೊಡೆದು ನ್ಯಾಯವಾಗಿ ತೂಗಲು, ಸಂಕೋಚನವನ್ನು ಅತಿಸೂಕ್ಷ್ಮ ಹೆಜ್ಜೆಗಳಾಗಿ ವಿಭಾಗಿಸಿ ಒಂದೊಂದು ಹೆಜ್ಜೆಯ ದಕ್ಷತೆಯನ್ನು ಕಂಡುಹಿಡಿಯುತ್ತಾರೆ. ಇದಕ್ಕೆ ಪಾಲಿಟ್ರೋಪಿಕ್ ದಕ್ಷತೆ ಎಂದು ಹೆಸರು. ಮೇಲಿನ ಉದಾಹರಣೆಯ ಅದೇ ಯಂತ್ರಕ್ಕೆ ಇದು ಸುಮಾರು ಶೇಕಡಾ 82 ಆಗುತ್ತದೆ. ಯಾವ ಅಳತೆಗೋಲಿನಿಂದ ಅಳೆದಿದ್ದೇವೆಂದು ಹೇಳದೆ ಅಂಕೆಯನ್ನು ಮಾತ್ರ ಹೇಳುವುದು ಅರ್ಧಸತ್ಯ ನುಡಿದಂತೆ.

ಅಲಗುಗಳ ನಡುವೆ ಗಾಳಿಯ ನಡೆಯನ್ನು ಕುರಿತು ಸ್ಟೊಡೊಲ ಅವರು ಮಾಡಿದ ಚಿಂತನೆ ಬಹು ಸೊಗಸಾದುದು. ತುಂಬಿದ ತಂಬಿಗೆಯಲ್ಲಿ ಬಿಲ್ವಪತ್ರೆಯೊಂದನ್ನು ತೇಲಿಬಿಟ್ಟು ತಂಬಿಗೆಯನ್ನು ತಟಕ್ಕನೆ ತಿರುಗಿಸಿ ನೋಡಿರಿ: ತಂಬಿಗೆ ತಿರುಗಿದರೂ ಪತ್ರೆಯ ತುದಿ ಮೊದಲಿನ ದಿಕ್ಕನ್ನೇ ನೋಡುತ್ತಿರುತ್ತದೆ. ತಂಬಿಗೆಯಲ್ಲಿ ಕುಳಿತು ನೋಡುವವನಿಗೆ ನೀರೇ ಹಿಮ್ಮುಖವಾಗಿ ತಿರುಗಿದಂತೆ ತೋರುತ್ತದೆ. ಚಕ್ರದ ಎರಡು ಅಲಗುಗಳ ನಡುವಿನ ಗಾಳಿಯದೂ ಇದೇ ಸ್ಥಿತಿ. ಚಕ್ರ ಒಂದು ಕಡೆಗೆ ತಿರುಗಿದರೆ ಒಳಗಿನ ಗಾಳಿ ಅದಕ್ಕೆ ಎದುರಾಗಿ ಸುಳಿಯುತ್ತದೆ. ಆದ್ದರಿಂದ ಹೊರಬೀಳುವಾಗ ಅದು ಚಕ್ರದ ಅಂಚಿನ ಪೂರ್ಣ ವೇಗವನ್ನು ಪಡೆಯದೆ ಸ್ವಲ್ಪ ಹಿಂದೆ ಜಾರುತ್ತದೆ. ನೇರವಾದ ಅಲಗುಗಳ ಚಕ್ರದಲ್ಲಿ ಈ ಜಾರುವಿಕೆಯು ಅಂಚಿನ ವೇಗವನ್ನು ವೃತ್ತದ ಪೈ ಸಂಖ್ಯೆಯಿಂದ ಗುಣಿಸಿ ಅಲಗುಗಳ ಸಂಖ್ಯೆಯಿಂದ ಭಾಗಿಸಿದಷ್ಟು ಎಂಬುದು ಸ್ಟೊಡೊಲ ಅವರ ಸರಳ ಸೂತ್ರ.

ಸೆಕೆಂಡಿಗೆ 300 ಮೀಟರು ಅಂಚಿನ ವೇಗದ, 20 ಅಲಗುಗಳ ಚಕ್ರದಲ್ಲಿ ಜಾರುವಿಕೆ ಸುಮಾರು 47 ಮೀಟರು. ಗಾಳಿಗೆ ದೊರೆಯುವ ಸುತ್ತುವೇಗ 253 ಮೀಟರು ಮಾತ್ರ. ಇದನ್ನು ಮರೆತವನು ಒಂದು ಕಿಲೋಗ್ರಾಮ್ ಗಾಳಿಗೆ 90 ಕಿಲೋಜೌಲ್ ಶಕ್ತಿ ಸಲ್ಲುವುದೆಂದು ನಂಬುತ್ತಾನೆ. ಸಲ್ಲುವುದು ಸುಮಾರು 76. ದಕ್ಷತೆ ಶೇಕಡಾ 80 ಎಂದಿಟ್ಟುಕೊಂಡರೆ 2.15 ಪಟ್ಟು ಒತ್ತಡ ಬರಬೇಕೆಂದು ಕಾದವನಿಗೆ 1.93 ಪಟ್ಟು ಮಾತ್ರ ದೊರೆಯುತ್ತದೆ. ಗಿರಾಕಿಗೆ ಕೊಟ್ಟ ಮಾತಿಗೂ ಯಂತ್ರ ತೋರಿಸುವ ಫಲಕ್ಕೂ ನಡುವಣ ಈ ಅಂತರದಲ್ಲಿ ಎಷ್ಟೋ ಕಾರ್ಖಾನೆಗಳ ಕೀರ್ತಿ ಮುಳುಗುತ್ತದೆ. ಅವರ ನಂತರ ಬಂದವರು ಇನ್ನೂ ನಿಖರವಾದ ಸೂತ್ರಗಳನ್ನು ಕಂಡುಹಿಡಿದಿದ್ದಾರೆ. ಆದರೂ ಈ ವಿಷಯದ ಪಠ್ಯಪುಸ್ತಕಗಳು ಇಂದಿಗೂ ಸ್ಟೊಡೊಲ ಅವರ ಸೂತ್ರದಿಂದಲೇ ಪಾಠವನ್ನು ಆರಂಭಿಸುವ ವಾಡಿಕೆಯುಂಟು.

ಗುರುವಾಗಿ, ಮಾನವನಾಗಿ

ಸ್ಟೊಡೊಲ ಅವರ ಶ್ರಮದಿಂದ ಜೂರಿಕ್ ವಿದ್ಯಾಲಯದಲ್ಲಿ ಯಂತ್ರ ಪ್ರಯೋಗಾಲಯವು ರೂಪುಗೊಂಡಿತು. ಕಪ್ಪುಹಲಗೆಯ ಮೇಲೆ ಬರೆದ ಸೂತ್ರವನ್ನು ವಿದ್ಯಾರ್ಥಿಯು ತನ್ನ ಕೈಯಿಂದಲೇ ಯಂತ್ರದ ಮೇಲೆ ಪರೀಕ್ಷಿಸಿ ನೋಡಬೇಕೆಂಬುದು ಅವರ ಶಿಕ್ಷಣಕ್ರಮ. ಅವರಲ್ಲಿ ಓದಿ ಸಹಾಯಕರಾಗಿದ್ದ ಯಾಕೋಬ್ ಆಕೆರೆಟ್ ಅವರು ಮುಂದೆ ವಾಯುಗತಿವಿಜ್ಞಾನದಲ್ಲಿ ಜಗತ್ಪ್ರಸಿದ್ಧರಾದರು. ಸ್ವಿಟ್ಜರ್ಲೆಂಡಿನ ಯಂತ್ರೋದ್ಯಮವು ಆ ಚಿಕ್ಕ ದೇಶದ ಗಾತ್ರವನ್ನು ಮೀರಿ ಕೀರ್ತಿ ಪಡೆಯಲು ಅವರ ತರಗತಿಗಳಿಂದ ಹೊರಟ ಎಂಜಿನಿಯರುಗಳ ಪರಂಪರೆಯೂ ಒಂದು ಮುಖ್ಯ ಕಾರಣ.

ಗುರುವಾಗಿದ್ದೂ ಶಿಷ್ಯತ್ವವನ್ನು ಅವರು ಬಿಡಲಿಲ್ಲ. ತರುಣ ಆಲ್ಬರ್ಟ್ ಐನ್‌ಸ್ಟೈನ್ ಅವರು ಜೂರಿಕ್ ನಗರದಲ್ಲಿ ಹೊಸದಾಗಿ ಪಾಠ ಹೇಳತೊಡಗಿದಾಗ, ತಮಗಿಂತ ಇಪ್ಪತ್ತು ವರ್ಷ ಕಿರಿಯನಾದ ಆ ಉಪನ್ಯಾಸಕನ ಮುಂದೆ ಸ್ಟೊಡೊಲ ಅವರು ಬೆಂಚಿನ ಮೇಲೆ ಕುಳಿತು ಹೊಸ ಭೌತವಿಜ್ಞಾನವನ್ನು ಕೇಳಿದರು. ಐವತ್ತರ ಅಂಚಿನಲ್ಲಿದ್ದ, ಲೋಕಮಾನ್ಯತೆ ಪಡೆದ ಪ್ರಾಧ್ಯಾಪಕರಿಗೆ ಇದರಲ್ಲಿ ಯಾವ ಕೀಳರಿಮೆಯೂ ಕಾಣಲಿಲ್ಲ. ಅವರ ಎಪ್ಪತ್ತನೆಯ ವರ್ಷದ ಅಭಿನಂದನೆಯ ಸಂದರ್ಭದಲ್ಲಿ, 1929ರಲ್ಲಿ, ಐನ್‌ಸ್ಟೈನ್ ಅವರು ಇವರನ್ನು ಕುರಿತು ಆದರದಿಂದ ಬರೆದರು.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಕೈ ಕಳೆದುಕೊಂಡ ಸೈನಿಕರು ಸಾವಿರಾರು ಸಂಖ್ಯೆಯಲ್ಲಿ ಆಸ್ಪತ್ರೆಗಳನ್ನು ತುಂಬಿದರು. ಆಗ ಜೂರಿಕ್‌ನಲ್ಲಿದ್ದ ಶಸ್ತ್ರವೈದ್ಯ ಫರ್ಡಿನಾಂಡ್ ಸಾವರ್‌ಬ್ರುಖ್ ಅವರೊಡನೆ ಸ್ಟೊಡೊಲ ಅವರು ಸೇರಿ, ಉಳಿದ ತೋಳಿನ ಸ್ನಾಯುಗಳ ಬಲದಿಂದಲೇ ಚಲಿಸುವ ಕೃತಕ ಹಸ್ತದ ರಚನೆಯಲ್ಲಿ ಸಹಕರಿಸಿದರು. ಸಾವಿರಾರು ಅಶ್ವಶಕ್ತಿಯ ಯಂತ್ರಗಳನ್ನು ಲೆಕ್ಕ ಹಾಕಿದ ಬುದ್ಧಿಯು ಹೀಗೆ ಒಬ್ಬ ಅಂಗಹೀನನ ಬೆರಳುಗಳ ಹಿಡಿತವನ್ನೂ ಲೆಕ್ಕ ಹಾಕಿತು. ನಿವೃತ್ತಿಯ ಬಳಿಕ, 1931ರಲ್ಲಿ, ಎಂಜಿನಿಯರನೊಬ್ಬನ ದೃಷ್ಟಿಯಿಂದ ಜಗತ್ತನ್ನು ಕುರಿತು ಚಿಂತಿಸುವ ತಾತ್ತ್ವಿಕ ಗ್ರಂಥವೊಂದನ್ನು ಅವರು ಪ್ರಕಟಿಸಿದರು. ಯಂತ್ರವಿದ್ಯೆಯು ಮನುಷ್ಯನ ಹಿತಕ್ಕೋ ಅಹಿತಕ್ಕೋ ಎಂಬ ಪ್ರಶ್ನೆ ಅವರ ಮನಸ್ಸನ್ನು ಕೊನೆಯವರೆಗೂ ಕಾಡಿತು.

ಎಂಬತ್ತರ ಪರೀಕ್ಷಕ

ಅನಿಲ ಟರ್ಬೈನಿನ ಕನಸು ಪ್ಯಾರಿಸ್‌ನಲ್ಲಿ ಸೋತ ಮೇಲೆ ಮೂರು ದಶಕಗಳು ಕಳೆದವು. ಅಷ್ಟರಲ್ಲಿ ವಿಮಾನದ ರೆಕ್ಕೆಗಳಿಗಾಗಿ ಬೆಳೆದ ವಾಯುಗತಿವಿಜ್ಞಾನವನ್ನು ಕಂಪ್ರೆಸರಿನ ಅಲಗುಗಳಿಗೂ ಅನ್ವಯಿಸಲಾಯಿತು. ಬಾಡೆನ್ ಪಟ್ಟಣದ ಬ್ರೌನ್ ಬೊವೆರಿ ಕಂಪನಿಯು ನೋಶಾಟೆಲ್ ನಗರಸಭೆಗಾಗಿ 4,000 ಕಿಲೋವಾಟ್ ಸಾಮರ್ಥ್ಯದ ಅನಿಲ ಟರ್ಬೈನೊಂದನ್ನು ಕಟ್ಟಿತು. ಇದರಲ್ಲಿದ್ದುದು ಗಾಳಿಯನ್ನು ಹೊರಮುಖವಾಗಿ ಎಸೆಯುವ ಕೇಂದ್ರಾಪಗಾಮಿ ಕಂಪ್ರೆಸರಲ್ಲ. ಗಾಳಿಯು ಅಕ್ಷದ ಗುಂಟ ಸಾಗುವ ಬಗೆಯದು. ಆದರೆ ತೂಗುವ ತಕ್ಕಡಿ ಎರಡಕ್ಕೂ ಒಂದೇ. ಅದನ್ನು ಪರೀಕ್ಷಿಸಿ ಸತ್ಯವನ್ನು ಹೇಳಲು ಯಾರನ್ನು ಕರೆಯಬೇಕು? ಕಂಪನಿಯವರು ಕರೆದದ್ದು ನಿವೃತ್ತರಾಗಿ ಹತ್ತು ವರ್ಷವಾಗಿದ್ದ ಸ್ಟೊಡೊಲ ಅವರನ್ನು.

1939ರ ಜುಲೈ 7ರಂದು, ತಮ್ಮ ಎಂಬತ್ತು ವರ್ಷ ತುಂಬಿ ಎರಡು ತಿಂಗಳಾಗುವ ಹೊತ್ತಿಗೆ, ಆ ವೃದ್ಧ ಗುರುಗಳು ಯಂತ್ರದ ಮುಂದೆ ನಿಂತು ಪರೀಕ್ಷೆ ನಡೆಸಿದರು. ಟರ್ಬೈನು 15,400 ಕಿಲೋವಾಟ್ ಶಕ್ತಿಯನ್ನು ಉತ್ಪಾದಿಸಿತು. ಅದರಲ್ಲಿ 11,400 ಕಿಲೋವಾಟ್ ಶಕ್ತಿಯನ್ನು ಕಂಪ್ರೆಸರೇ ತೆಗೆದುಕೊಂಡಿತು. ಊರಿಗೆ ಉಳಿದದ್ದು 4,000. ಕಂಪ್ರೆಸರಿನ ದಕ್ಷತೆ ಶೇಕಡಾ 86.6, ಟರ್ಬೈನಿನದು 88.4. ಇಂಧನದ ಶಕ್ತಿಯಲ್ಲಿ ವಿದ್ಯುತ್ತಾಗಿ ದೊರೆತದ್ದು ಶೇಕಡಾ 17.38.

ಈ ಅಂಕೆಗಳ ಅರ್ಥವನ್ನು ಒಂದು ಸಣ್ಣ ಲೆಕ್ಕದಿಂದ ಕಾಣಬಹುದು. ಉಳಿದುದೆಲ್ಲ ಹೀಗೆಯೇ ಇದ್ದು ಕಂಪ್ರೆಸರಿನ ದಕ್ಷತೆ ಮಾತ್ರ ಶೇಕಡಾ 86.6ರ ಬದಲು 66.6 ಆಗಿದ್ದಿದ್ದರೆ ಅದು ಸುಮಾರು 14,820 ಕಿಲೋವಾಟ್ ಬೇಡುತ್ತಿತ್ತು. ಊರಿಗೆ ಉಳಿಯುತ್ತಿದ್ದುದು 580 ಮಾತ್ರ. ಶೇಕಡಾ 64ಕ್ಕೆ ಇಳಿದಿದ್ದರೆ ಒಂದು ದೀಪ ಉರಿಸುವಷ್ಟೂ ಉಳಿಯುತ್ತಿರಲಿಲ್ಲ. ಪ್ಯಾರಿಸ್‌ನ ಯಂತ್ರ ಸೋತದ್ದಕ್ಕೂ ನೋಶಾಟೆಲ್‌ನದು ಗೆದ್ದದ್ದಕ್ಕೂ ಇರುವ ವ್ಯತ್ಯಾಸದಲ್ಲಿ ಬಹುಪಾಲು ಇಲ್ಲಿಯೇ ಇದೆ.

ಆ ಕಾಲದ ಒಳ್ಳೆಯ ಆವಿ ಸ್ಥಾವರಗಳಿಗೆ ಹೋಲಿಸಿದರೆ ಶೇಕಡಾ 17.38 ಬೀಗುವಂತಹ ಅಂಕೆಯೇನೂ ಅಲ್ಲ. ಅದನ್ನು 18 ಎಂದು ಬರೆದಿದ್ದರೂ ಕಂಪನಿಯವರಿಗೆ ಸಂತೋಷವಾಗುತ್ತಿತ್ತೇ ಹೊರತು ಯಾರೂ ದೂರುತ್ತಿರಲಿಲ್ಲ. ಆದರೆ ಅಳತೆ ಏನು ಹೇಳಿತೋ ಅದನ್ನೇ, ದಶಮಾಂಶದ ಎರಡು ಸ್ಥಾನಗಳವರೆಗೆ, ಅವರು ವರದಿಯಲ್ಲಿ ದಾಖಲಿಸಿದರು. ಆ ಯಂತ್ರವು ನೋಶಾಟೆಲ್ ನಗರದಲ್ಲಿ 2002ರವರೆಗೂ ಸೇವೆಯಲ್ಲಿತ್ತು. ಸಾರ್ವಜನಿಕ ವಿದ್ಯುತ್ ಪೂರೈಕೆಗಾಗಿ ಕೆಲಸ ಮಾಡಿದ ಜಗತ್ತಿನ ಮೊದಲನೆಯ ಅನಿಲ ಟರ್ಬೈನೆಂದು ಅಮೆರಿಕದ ಯಂತ್ರಶಿಲ್ಪಿಗಳ ಸಂಘವು 1988ರಲ್ಲಿ ಅದನ್ನು ಐತಿಹಾಸಿಕ ಸ್ಮಾರಕವಾಗಿ ಗುರುತಿಸಿತು.

ಕೊನೆಯ ದಿನಗಳು ಮತ್ತು ಪರಂಪರೆ

ಜರ್ಮನ್ ಎಂಜಿನಿಯರುಗಳ ಸಂಘವು 1908ರಲ್ಲಿಯೇ ತನ್ನ ಗ್ರಾಶಾಫ್ ಪದಕವನ್ನು ನೀಡಿ ಸ್ಟೊಡೊಲ ಅವರನ್ನು ಗೌರವಿಸಿತ್ತು. ಜೀವನದ ಸಂಜೆಯಲ್ಲಿ ಇಂಗ್ಲೆಂಡಿನಿಂದ ಜೇಮ್ಸ್ ವಾಟ್ ಅಂತರರಾಷ್ಟ್ರೀಯ ಪದಕ ಬಂದಿತು. ಅದು ಎರಡನೆಯ ಮಹಾಯುದ್ಧದ ಕಾಲ. ಗಾಳಿಯನ್ನು ಒತ್ತುವ ವಿದ್ಯೆ ಆಗಲೇ ಯುದ್ಧವಿಮಾನಗಳ ಎಂಜಿನುಗಳನ್ನು ಹೊಕ್ಕಿತ್ತು. 1942ರ ಡಿಸೆಂಬರ್ 25ರಂದು, ಕ್ರಿಸ್ತ ಜಯಂತಿಯ ದಿನ, ಅವರು ಜೂರಿಕ್ ನಗರದಲ್ಲಿ ದೇಹತ್ಯಾಗ ಮಾಡಿದರು. ಆಗ ಅವರಿಗೆ 83 ವರ್ಷ. ಅವರ ಅವಶೇಷಗಳನ್ನು 1989ರಲ್ಲಿ ಹುಟ್ಟೂರಿನ ಮಣ್ಣಿಗೆ ತರಲಾಯಿತು. ತಾಯ್ನಾಡು ತನ್ನ ಮಗನನ್ನು ಕೊನೆಗೂ ಮಡಿಲಿಗೆ ತೆಗೆದುಕೊಂಡಿತು.

ಅವರು ನೆಟ್ಟ ವಿದ್ಯೆ ಅವರೊಂದಿಗೆ ನಿಲ್ಲಲಿಲ್ಲ. ಗಾಳಿಯಂತಹ ಸಾಧು ಅನಿಲಕ್ಕೆ ಹೊಂದುವ ಸರಳ ಸೂತ್ರವು ಹೆಚ್ಚು ಒತ್ತಡದ ಹೈಡ್ರೋಕಾರ್ಬನ್ ಅನಿಲಗಳಿಗೆ ಹೊಂದದು. ಅಲ್ಲಿ ಅನಿಲವು ಪುಸ್ತಕದ ನಿಯಮವನ್ನು ಮೀರಿ ನಡೆಯುತ್ತದೆ. ಅದಕ್ಕೆ ತಕ್ಕ ತಿದ್ದುಪಡಿಗಳನ್ನು ಒಳಗೊಂಡ ಪಾಲಿಟ್ರೋಪಿಕ್ ವಿಶ್ಲೇಷಣೆಯನ್ನು ಅಮೆರಿಕದ ಜಾನ್ ಶುಲ್ಟ್ಜ್ ಅವರು 1962ರಲ್ಲಿ ಪ್ರಕಟಿಸಿದರು. ಕೇಂದ್ರಾಪಗಾಮಿ ಕಂಪ್ರೆಸರುಗಳ ಪರೀಕ್ಷೆಗೆ ಅದು ಬಹುಕಾಲ ಆಧಾರವಾಯಿತು. ಗಣಕಯಂತ್ರಗಳು ಬಂದ ಮೇಲೆ ಒಂದೊಂದು ಸಣ್ಣ ಹೆಜ್ಜೆಯಲ್ಲಿಯೂ ಅನಿಲದ ನಿಜಗುಣವನ್ನು ಹಿಡಿದು ಲೆಕ್ಕ ಹಾಕುವುದು ಸುಲಭವಾಗಿದೆ. ಸಾಧನ ಬದಲಾದರೂ ಕೇಳುವ ಪ್ರಶ್ನೆ ಬದಲಾಗಿಲ್ಲ: ಕೊಟ್ಟದ್ದೆಷ್ಟು, ಫಲವಾಗಿ ಬಂದದ್ದೆಷ್ಟು, ವ್ಯರ್ಥವಾದದ್ದೆಷ್ಟು?

ಈ ಪ್ರಶ್ನೆ ಯಂತ್ರಗಳಿಗೆ ಮಾತ್ರ ಸಲ್ಲುವುದೇ? ಕಾಯಕವನ್ನು ಪೂಜೆಯೆಂದು ಬಗೆದ, ಗಳಿಸಿದುದನ್ನು ದಾಸೋಹಕ್ಕೆ ಸಲ್ಲಿಸಬೇಕೆಂದು ಕಲಿಸಿದ ಶರಣರ ನಾಡಿನವರಾದ ನಮಗೆ ಇದು ಹೊಸದಲ್ಲ. ಸ್ಟೊಡೊಲ ಅವರಿಗೆ ಶರಣರ ಹೆಸರು ಗೊತ್ತಿದ್ದಿರಲಾರದು. ಅವರು ಬಾಳಿದ ಬಗೆ ಮಾತ್ರ ನಮಗೆ ಪರಿಚಿತವಾದುದು. ದುಡಿಮೆಯ ಮನೆಯಲ್ಲಿ ಹುಟ್ಟಿ, ತಾನು ಕಂಡ ಲೆಕ್ಕವನ್ನು ತನ್ನಲ್ಲಿಯೇ ಬಚ್ಚಿಡದೆ ಗ್ರಂಥದ ಮೂಲಕ ಲೋಕಕ್ಕೆಲ್ಲ ಬಡಿಸಿ, ತಿಳಿಯದುದನ್ನು ಕಿರಿಯರಿಂದಲೂ ಕೇಳಿ ಕಲಿತು, ಎಂಬತ್ತರ ವಯಸ್ಸಿನಲ್ಲಿಯೂ ಅಳತೆಯಲ್ಲಿ ಸುಳ್ಳು ಬೆರೆಸದೆ ಬಾಳಿದರು. ನಮ್ಮ ಶಾಲೆಯ ಪ್ರಯೋಗಾಲಯದಲ್ಲಿ ಉಷ್ಣಮಾಪಕವನ್ನು ಹಿಡಿದು ನಿಂತ ಬಾಲಕನಿಗೆ ಪುಸ್ತಕದಲ್ಲಿರುವ ಉತ್ತರ ಬಾರದಿದ್ದಾಗ, ಅಂಕೆಯನ್ನು ತಿದ್ದಿ ಬರೆಯುವ ಆಸೆ ಹುಟ್ಟುವುದು ಸಹಜ. ಆ ಗಳಿಗೆಯಲ್ಲಿ ಉಪಾಧ್ಯಾಯರು ಅವನ ಪಕ್ಕದಲ್ಲಿ ನಿಂತು, ಕಂಡದ್ದನ್ನೇ ಬರೆಯಲು ಹೇಳಿ, ಅದೇಕೆ ಹಾಗೆ ಬಂದಿತೆಂದು ಹುಡುಕಲು ಕಲಿಸಿದರೆ, ಈ ಮಹನೀಯರ ಸ್ಮರಣೆಗೆ ಅದಕ್ಕಿಂತ ದೊಡ್ಡ ಪುಷ್ಪಾಂಜಲಿ ಬೇರೆ ಬೇಕಾಗಿಲ್ಲ.